ಮೊಣಕೈಗೆ ಅಂಟಿದ ಸಾಲು

ಕಂಪ್ಯೂಟರಿನ ಪರದೆಯ ಮೇಲಂಚಿನಲ್ಲಿ ಒಂದು ಪುಟ್ಟ ಕತ್ತರಿಯ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಆರಿಸಿಟ್ಟ ಸಾಲು ಮಾಯವಾಗುತ್ತದೆ. ಪಕ್ಕದ ಚಿತ್ರ ಒತ್ತಿದರೆ ಅದೇ ಸಾಲು ಬೇರೆ ಕಡೆ ಬಂದು ಕೂರುತ್ತದೆ. ಮೊದಲನೆಯದಕ್ಕೆ ಕಟ್ ಅಂತ ಹೆಸರು, ಎರಡನೆಯದಕ್ಕೆ ಪೇಸ್ಟ್. ನಾನು ಕಂಪ್ಯೂಟರ್ ಕಲಿಸುವವಳು. ಈ ಎರಡು ಮಾತನ್ನು ಎಷ್ಟು ಜನರ ತಲೆಗೆ ತುಂಬಿದ್ದೇನೋ ನನಗೇ ಗೊತ್ತಿಲ್ಲ. ಗಾಜಿನ ಪರದೆಯ ಮೇಲೆ ಕತ್ತರಿಗೇನು ಕೆಲಸ, ಅಂಟು ಎಲ್ಲಿಂದ ಬಂತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೆ ಬಿಡಲಿ. ನಾನಾಗಿಯೇ ಹೇಳುತ್ತೇನೆ, ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ಆ ಮಾತುಗಳು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಕಾಗದದ ಮೇಲೆ. ಬರೆಯುವವರು, ತಿದ್ದುವವರು ಎಲ್ಲ ಹಿಂದೆ ಕೈಯಲ್ಲೊಂದು ಕತ್ತರಿ, ಪಕ್ಕದಲ್ಲೊಂದು ಗೋಂದಿನ ಬಾಟಲಿ ಇಟ್ಟುಕೊಂಡಿರುತ್ತಿದ್ದರು. ಮೇಲಿದ್ದ ಪ್ಯಾರಾ ಕೆಳಗಿರಬೇಕು ಅನಿಸಿದರೆ ಹಾಳೆಯನ್ನೇ ಕತ್ತರಿಸಿ ಕೆಳಗೆ ಅಂಟಿಸುತ್ತಿದ್ದರು. ಪತ್ರಿಕೆಗಳಲ್ಲಂತೂ ಅದಕ್ಕೆಂದೇ ಒಂದು ಕೋಣೆ, ಅದಕ್ಕೆಂದೇ ಸಂಬಳದ ಜನ. ಮುಂದೆ ಪರದೆಯ ಮೇಲೆ ಅಕ್ಷರ ಮೂಡಿಸಲು ಕಲಿತವರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಆ ಹಳೆಯ ಮಾತನ್ನೇ ಎತ್ತಿಕೊಂಡರು. ಕತ್ತರಿಯ ಚಿತ್ರವನ್ನೂ ಎತ್ತಿಕೊಂಡರು. ಅದು ಯಾರ ಕತ್ತರಿ ಎಂದು ನನ್ನನ್ನು ಕೇಳಿದರೆ ಒಂದೇ ಉತ್ತರ: ನನ್ನ ಸೋದರಮಾವನದು.

ಮನೆಯಲ್ಲಿ ಅವನಿಗೆ ಗೋಂದು ಮಾಮ ಅಂತಲೇ ಹೆಸರು. ಅವನು ಬಾಗಿಲಿಗೆ ಬರುವ ಮೊದಲೇ ರಬ್ಬರ್ ಗೋಂದಿನ ವಾಸನೆ ಒಳಗೆ ಬಂದು ಕೂತಿರುತ್ತಿತ್ತು. ಗೋಡೆಯ ಮೇಲಿನ ಚಿತ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಎದ್ದು ಹೋಗಿ ಸರಿ ಮಾಡದೆ ಅವನಿಗೆ ನೆಮ್ಮದಿ ಇಲ್ಲ. ತರಕಾರಿ ಹೆಚ್ಚಲು ಕೂತರೆ ಒಂದೊಂದು ಹೋಳೂ ಸ್ಕೇಲಿಟ್ಟು ಅಳೆದ ಹಾಗೆ. ಹೋಳು ಚೆಂದ, ಊಟ ಮಾತ್ರ ಎರಡು ಗಂಟೆ ತಡ. ಅತ್ತೆ ರೇಗಿದರೆ ನನ್ನ ಕಡೆ ತಿರುಗಿ, “ಬೇರೆಯವರಿಗೆ ಕೈ ಕೆಸರಾದ್ರೆ ಬಾಯಿ ಮೊಸರು. ನನಗೆ ನೋಡು, ಕೈಗೂ ಗೋಂದು, ಬಾಯಿಗೂ ಗೋಂದು,” ಎಂದು ಎರಡು ಬೆರಳಿಂದ ತುಟಿ ಮುಚ್ಚಿಕೊಳ್ಳುತ್ತಿದ್ದ.

ಅವನು ಕೆಲಸ ಮಾಡುತ್ತಿದ್ದ ಕೋಣೆ ಪತ್ರಿಕೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗದೆ ಅಲ್ಲಿಗೇ ಹೋಗುತ್ತಿದ್ದೆ. ಉದ್ದಕ್ಕೆ ಗಾಜಿನ ಮೇಜುಗಳು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಪಕ್ಕದ ಕೋಣೆಯ ಯಂತ್ರದಿಂದ ಸುದ್ದಿಗಳು ಹೊಳಪು ಕಾಗದದ ಉದ್ದುದ್ದ ಪಟ್ಟಿಗಳಾಗಿ ಬರುತ್ತಿದ್ದವು. ಮಾಮ ಅವನ್ನು ಕತ್ತರಿಸಿ, ಬೆನ್ನಿಗೆ ಬ್ರಷ್ಷಿನಿಂದ ರಬ್ಬರ್ ಗೋಂದು ಸವರಿ, ಪುಟದಷ್ಟು ದೊಡ್ಡ ಹಾಳೆಯ ಮೇಲೆ ಕೂರಿಸಿ, ಸ್ಟೀಲ್ ಸ್ಕೇಲಿನಿಂದ ಒತ್ತುತ್ತಿದ್ದ. ಹಾಳೆ ತುಂಬಿದ ಮೇಲೆ ಅದು ಕ್ಯಾಮೆರಾ ಕೋಣೆಗೆ ಹೋಗಿ, ಫೋಟೋ ಆಗಿ, ಬೆಳಗಾಗುವುದರೊಳಗೆ ಊರಿನವರ ಕೈಯಲ್ಲಿ ಪತ್ರಿಕೆಯಾಗಿರುತ್ತಿತ್ತು.

ತಾಪತ್ರಯವೆಲ್ಲ ಸಣ್ಣ ತುಂಡುಗಳದು. ಒಂದು ಸಾಲಿನಲ್ಲಿ ತಪ್ಪಿದ್ದರೆ ಆ ಸಾಲನ್ನಷ್ಟೇ ಹೊಸದಾಗಿ ತೆಗೆದು, ಬೆಂಕಿಕಡ್ಡಿಯಷ್ಟು ತೆಳ್ಳಗೆ ಬ್ಲೇಡಿನಿಂದ ಕೊಯ್ದು, ತಪ್ಪಿನ ಮೇಲೆ ಅಂಟಿಸಬೇಕು. ರಬ್ಬರ್ ಗೋಂದು ಬೇಗ ಒಣಗುವ ಜಾತಿಯದಲ್ಲ. ಮೇಜಿನ ಮೇಲೆ ಮೊಣಕೈ ಊರಿದರೆ ಸಾಕು, ಸಾಲು ಎದ್ದು ಮೊಣಕೈ ಹಿಡಿದುಕೊಂಡು ಹೊರಟೇಬಿಡುತ್ತಿತ್ತು. ಒಮ್ಮೆ ಯಾರೋ ದೊಡ್ಡ ಮನುಷ್ಯ “ನಾನು ಮೋಸದಿಂದ ಗೆದ್ದೆ ಎಂಬುದು ಶುದ್ಧ ಸುಳ್ಳು” ಎಂದು ಹೇಳಿಕೆ ಕೊಟ್ಟಿದ್ದ. ಪತ್ರಿಕೆಯಲ್ಲಿ ಬಂದದ್ದು “ನಾನು ಮೋಸದಿಂದ ಗೆದ್ದೆ” ಎಂದಷ್ಟೇ. ಉಳಿದ ಸಾಲು ಹಿರಿಯ ಕೆಲಸಗಾರನೊಬ್ಬನ ಚಪ್ಪಲಿಯ ಅಡಿಯಲ್ಲಿ ಸಿಕ್ಕಿತು. ಪತ್ರಿಕೆ ನಿಜ ಬರೆದದ್ದು ಅದೇ ಮೊದಲು ಎಂದು ಊರೆಲ್ಲ ನಕ್ಕಿತಂತೆ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಮೊಣಕೈಯೂ ಅಷ್ಟೇ. ಅದಕ್ಕೇ ಆ ಕೋಣೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಪುಟ ಕ್ಯಾಮೆರಾಕ್ಕೆ ಹೋಗುವ ಮುಂಚೆ ಒಂದೇ ಮೇಜಿನ ಇಬ್ಬರು ಎದ್ದು ನಿಂತು, ತೋಳು ಮಡಚಿ, ಒಬ್ಬರ ಮೊಣಕೈ ಒಬ್ಬರಿಗೆ ತೋರಿಸಬೇಕು. ನೋಡಿದವರು, “ಏನಿಲ್ಲ, ಹೋಗ್ಬೋದು,” ಅನ್ನಬೇಕು. ಹೋಗಬೇಕಾದದ್ದು ಪುಟ. ಆ ಮಾತು ಹೇಳಿಸಿಕೊಳ್ಳದ ಪುಟವನ್ನು ಕ್ಯಾಮೆರಾದವನು ಮುಟ್ಟುತ್ತಿರಲಿಲ್ಲ.

ಅತ್ತೆ ಆ ಕೋಣೆಗೆ ಬಂದ ಮೊದಲ ಹೆಂಗಸು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಾಮನ ಮೇಜಿಗೇ ಅವಳನ್ನು ಹಾಕಿದರು. ಮೊದಲ ಸಂಜೆಯೇ ಅವನ ಮೊಣಕೈಯಿಂದ ಒಂದು ಸಾಲು ಕಿತ್ತು ಓದಿದಳಂತೆ: “ನಾಳೆ ಮೋಡ ಕವಿದ ವಾತಾವರಣ.” ಆಮೇಲೆ, “ಹವಾಮಾನಾನ ಜೇಬಲ್ಲಿ ಇಟ್ಕೊಂಡು ಓಡಾಡೋರನ್ನ ನೋಡಿದ್ದೆ, ಮೊಣಕೈಲಿ ಇಟ್ಕೊಂಡೋರನ್ನ ಇವತ್ತೇ ನೋಡಿದ್ದು,” ಅಂದಳಂತೆ. ಮಾಮ ಅಲ್ಲೇ ಬಿದ್ದ. “ಎಲ್ಲರೂ ಮುಖ ನೋಡಿ ಒಪ್ತಾರೆ. ನಿಮ್ಮತ್ತೆ ನನ್ನ ಮೊಣಕೈ ನೋಡಿ ಒಪ್ಪಿದಳು ಕಣೇ,” ಎಂದು ನನಗೆ ಎಷ್ಟು ಸಲ ಹೇಳಿದ್ದನೋ. ಹೇಳುವಾಗಲೆಲ್ಲ ಅತ್ತೆ, “ಮುಖ ನೋಡಿದ್ರೆ ಒಪ್ತಾನೇ ಇರ್ಲಿಲ್ಲ,” ಅನ್ನುತ್ತಿದ್ದಳು. ಇಬ್ಬರೂ ಹೊಸ ಜೋಕು ಕೇಳಿದವರ ಹಾಗೆ ನಗುತ್ತಿದ್ದರು.

ಅವರಿಗೆ ಮಕ್ಕಳಾಗಲಿಲ್ಲ, ಆ ಜಾಗಕ್ಕೆ ನಾನಿದ್ದೆ. ಮೇಜಿನ ಪದ್ಧತಿ ಮನೆಗೂ ಬಂದಿತ್ತು. ಮಾಮ ಅಂಗಡಿಗೆ ಹೊರಟರೂ ಹೊಸ್ತಿಲಲ್ಲಿ ನಿಂತು ಮೊಣಕೈ ತೋರಿಸುತ್ತಿದ್ದ. ಅತ್ತೆ ಒಲೆಯ ಮುಂದಿನಿಂದಲೇ ಕತ್ತು ಚಾಚಿ, “ಏನಿಲ್ಲ, ಹೋಗ್ಬೋದು,” ಅನ್ನುತ್ತಿದ್ದಳು. ಅವಳು ಹೊರಡುವಾಗ ಇವನ ಸರದಿ. ಪರೀಕ್ಷೆಗೆ ಹೋಗುವ ದಿನ ನನ್ನ ಮೊಣಕೈಯನ್ನೂ ಇಬ್ಬರೂ ನೋಡುತ್ತಿದ್ದರು. ಆ ಮಾತು ಕೇಳಿಸಿಕೊಂಡು ಹೋದರೆ ಏನೂ ಕೆಡುವುದಿಲ್ಲ ಎಂದು ನಾನು ನಂಬಿದ್ದೆ. ಬಹುಶಃ ಅವರೂ ನಂಬಿದ್ದರು.

ಅತ್ತೆಯ ತಂದೆಯನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಗಲು ದುಡಿಯುವವರಿಗೆ ಸಂಜೆ ಹೊತ್ತು ಓದು ಬರಹ ಕಲಿಸುವ ಒಂದು ಶಾಲೆಯಲ್ಲಿ ಅವರು ಜೀವಮಾನವಿಡೀ ಪಾಠ ಮಾಡಿದರು. ಮೂಟೆ ಹೊರುವವರು, ಮನೆಗೆಲಸದವರು, ಕಾವಲುಗಾರರು, ಬಸ್ ತೊಳೆಯುವವರು, ತರಕಾರಿ ಮಾರುವವರು. ಅಕ್ಷರ ಕೂಡಿಸಲು ಬಂದ ಕೂಡಲೇ ಮೇಷ್ಟ್ರು ಅವರ ಕೈಗೆ ಪತ್ರಿಕೆ ಕೊಡುತ್ತಿದ್ದರು. “ದಿನಾ ಓದ್ರಪ್ಪಾ. ಊರಲ್ಲಿ ಏನಾಗ್ತಿದೆ ಅಂತ ಇನ್ನೊಬ್ಬರ ಬಾಯಿಂದ ಕೇಳೋ ಕಾಲ ಮುಗೀತು ನಿಮಗೆ,” ಅನ್ನುತ್ತಿದ್ದರು. ಮಗಳು ಅದೇ ಪತ್ರಿಕೆಯ ಪುಟ ಕೂರಿಸುತ್ತಾಳೆ ಎಂಬುದು ಅವರಿಗೆ ದೊಡ್ಡ ಹೆಮ್ಮೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಚಳಿಗಾಲದ ಮಧ್ಯಾಹ್ನ ಮೇಷ್ಟ್ರು ಕುರ್ಚಿಯಲ್ಲಿ ಕೂತವರು ಕೂತಹಾಗೇ ಹೋಗಿಬಿಟ್ಟರು. ಮಣ್ಣು ಮರುದಿನ ಬೆಳಿಗ್ಗೆ ಎಂದು ತೀರ್ಮಾನವಾಯಿತು. ಅವರು ಓದಿಸಿದವರು ಊರಿನ ಮೂಲೆಮೂಲೆಯಲ್ಲಿದ್ದರು. ಫೋನು ಇದ್ದವರು ಎಷ್ಟು ಜನ? ಎಲ್ಲರಿಗೂ ತಿಳಿಸಲು ಇದ್ದದ್ದು ಒಂದೇ ದಾರಿ, ಪತ್ರಿಕೆ. ಅತ್ತೆ ಅಪ್ಪನ ಕಾಲ ಹತ್ತಿರ ಕೂತೇ ಹೇಳಿದಳು: “ನೀವೇ ಹೋಗಿ ಮಾಡಿ ಬನ್ನಿ. ಬೇರೆಯವರ ಕೈಗೆ ಕೊಡ್ಬೇಡಿ. ಅಪ್ಪ ಓದಿಸಿದವರೆಲ್ಲ ಬರ್ಬೇಕು.”

ಮಾಮ ಹೋದ. ಮೈಮೇಲೆ ಅತ್ತೆ ಹೆಣೆದಿದ್ದ ಕಡುನೀಲಿ ಸ್ವೆಟರು. ಆ ಸಂಜೆ ಆ ಕೋಣೆಯಲ್ಲಿ ಏನಾಯಿತೆಂದು ಅವನೇ ಮುಂದೆ ನನಗೆ ಹೇಳಿದ್ದು, ಕ್ಯಾಮೆರಾದವನೂ ಹೇಳಿದ್ದು. ನಿಧನದ ಸುದ್ದಿ ಅಚ್ಚುಕಟ್ಟಾಗಿ ಪಟ್ಟಿಯಾಗಿ ಬಂದಿತ್ತು. ಹಾಗೇ ಅಂಟಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಮೇಷ್ಟ್ರ ಹೆಸರು ಬೇರೆಯವರ ಹೆಸರುಗಳ ನಡುವೆ ಇಕ್ಕಟ್ಟಾಗಿ ಕೂತಿರುವುದು ಮಾಮನಿಗೆ ಸರಿಹೋಗಲಿಲ್ಲ. ಅವನು ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಕೊಯ್ದು, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಕೂರಿಸಿದ. ಕೊನೆಯ ಸಾಲು ಒಂದು ಎಳೆ ಓರೆಯಾಯಿತು. ಬೇರೆ ಯಾರ ಕಣ್ಣಿಗೂ ಬೀಳುವ ಓರೆಯಲ್ಲ ಅದು. ಅದನ್ನು ಎಬ್ಬಿಸಿ ಮೇಜಿನಂಚಿಗೆ ಇಟ್ಟುಕೊಂಡ. ಅಷ್ಟರಲ್ಲಿ ಮನೆಯಿಂದ ಫೋನು ಬಂತು, ಬೆಳಿಗ್ಗೆ ಗಾಡಿ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿ. ಮೇಜಿಗೆ ಮೊಣಕೈ ಊರಿ ಮಾತಾಡಿದ. ತಿರುಗಿ ಪುಟ ನೋಡಿದಾಗ ಎಲ್ಲ ಸರಿಯಾಗಿಯೇ ಕಂಡಿತು. ಸಾಲುಗಳ ನಡುವೆ ಅಷ್ಟು ಜಾಗ ಬಿಟ್ಟಿದ್ದರಿಂದ ಕೊನೆಯಲ್ಲಿ ಇನ್ನಷ್ಟು ಖಾಲಿ ಜಾಗ ಇದ್ದದ್ದು ಅವನಿಗೆ ಖಾಲಿ ಅನಿಸಲೇ ಇಲ್ಲ.

ಕ್ಯಾಮೆರಾದವನು ಕೇಳಿದ್ದಾನೆ: “ಮೊಣಕೈ?”

ಮಾಮ ಅತ್ತೆಯ ಖಾಲಿ ಕುರ್ಚಿಯ ಕಡೆ ನೋಡಿದ.

“ಬಾ ಮಾರಾಯ, ನಾನೇ ನೋಡ್ತೀನಿ.”

“ಬೇಡ,” ಅಂದನಂತೆ ಮಾಮ. “ಅದು ಅವಳ ಕೆಲಸ. ಇವತ್ತೊಂದಿನ ಹಾಗೇ ಹೋಗ್ಲಿ ಬಿಡು.”

ಸಾವಿನ ಮನೆಯಿಂದ ಬಂದವನ ಹತ್ತಿರ ಯಾರು ಜಗ್ಗಾಡುತ್ತಾರೆ? ಕ್ಯಾಮೆರಾದವನು ಪುಟ ತೆಗೆದುಕೊಂಡ. ಇದನ್ನು ನೆನೆದರೆ ನನಗೆ ಇವತ್ತಿಗೂ ಮಾಮನ ಮೇಲೆ ಸಿಟ್ಟು ಉಕ್ಕುತ್ತದೆ. ಪ್ರೀತಿಯಲ್ಲಿ ಹಟ ಮಾಡಬಾರದ ಜಾಗಗಳಿರುತ್ತವೆ. ಅಲ್ಲೇ ಹಟ ಮಾಡಿದ.

ಬೆಳಿಗ್ಗೆ ಸ್ಮಶಾನದಲ್ಲಿ ಇದ್ದವರು ಮನೆಯವರು ಮತ್ತು ಬೀದಿಯ ನಾಲ್ಕು ಮನೆಯವರು. ಅತ್ತೆ ಗೇಟಿನ ಕಡೆಯೇ ನೋಡುತ್ತಿದ್ದಳು. “ಬರ್ತಾರೆ. ಎಲ್ಲ ಪೇಪರ್ ಓದ್ತಾರೆ. ಇನ್ನೊಂದು ಸ್ವಲ್ಪ ಕಾಯೋಣ,” ಎಂದು ಎರಡು ಸಲ ನಿಲ್ಲಿಸಿದಳು. ಗುಂಡಿ ತೋಡಿದವರಿಗೆ ಬೇರೆ ಕೆಲಸವಿತ್ತು, ಅವರೂ ಎಷ್ಟೆಂದು ಕಾಯುತ್ತಾರೆ. ಕೊನೆಗೆ ಇಳಿಸಲು ಹಗ್ಗ ಹಿಡಿದರು. ಮಾಮನೂ ಒಂದು ಹಗ್ಗ ಹಿಡಿದು ಬಗ್ಗಿದ. ಹಿಂದಿನ ದಿನದ ಅದೇ ಸ್ವೆಟರು, ಹೆಣದ ಪಕ್ಕ ಕುರ್ಚಿಯಲ್ಲಿ ಅದರಲ್ಲೇ ಬೆಳಗು ಮಾಡಿದ್ದ. ಬಗ್ಗಿದಾಗ ಮೊಣಕೈ ಮೇಲೆದ್ದಿತು. ಕಡುನೀಲಿ ಉಣ್ಣೆಯ ಮೇಲೆ ಬಿಳಿಯ ಒಂದು ಪಟ್ಟಿ.

ಅತ್ತೆ ಹತ್ತಿರ ಹೋಗಿ ಅದನ್ನು ಕಿತ್ತಳು. ನಾನು ಅವಳ ಪಕ್ಕದಲ್ಲೇ ಇದ್ದೆ, ನಾನೂ ಓದಿದೆ. “ಅಂತ್ಯಕ್ರಿಯೆ ಇಂದು ಬೆಳಿಗ್ಗೆ ಹನ್ನೊಂದಕ್ಕೆ, ದೊಡ್ಡ ಸ್ಮಶಾನದಲ್ಲಿ.”

ಅವಳು ಕೂಗಲಿಲ್ಲ. ಮಣ್ಣು ಹಾಕುವುದು ಮುಗಿಯುವವರೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಎಲ್ಲ ಮುಗಿದ ಮೇಲೆ ಮಾಮನ ಅಂಗೈ ಬಿಡಿಸಿ ಅದರ ಮೇಲಿಟ್ಟಳು. “ಇದು ನಿಮ್ಮ ಹತ್ರಾನೇ ಉಳ್ಕೊಂಡಿತ್ತು,” ಅಂದಳು. ಮಾಮ ಅದನ್ನು ನೋಡಿ ಅಲ್ಲೇ ಹಸಿಮಣ್ಣಿನ ಮೇಲೆ ಕೂತುಬಿಟ್ಟ. ಅವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಸಂಜೆ ಯಾರೋ ಓಡಿಬಂದು ಹೇಳಿದರು, ಮೇಷ್ಟ್ರ ಶಾಲೆಯ ಮುಂದೆ ಜನ ಸೇರಿದ್ದಾರೆ ಎಂದು. ಅತ್ತೆ, ನಾನು ಹೋದೆವು. ಬೀಗ ಹಾಕಿದ ಬಾಗಿಲ ಮುಂದೆ ಬೀದಿ ತುಂಬ ಜನ. ಕೆಲಸ ಬಿಟ್ಟು ನೇರವಾಗಿ ಬಂದವರು, ಕೆಲಸದ ಬಟ್ಟೆಯಲ್ಲೇ ಇದ್ದರು. ಪತ್ರಿಕೆಯಲ್ಲಿ ಮೇಷ್ಟ್ರು ಹೋದದ್ದು ಓದಿದ್ದರು. ಯಾವಾಗ, ಎಲ್ಲಿ ಎಂದು ಇರಲಿಲ್ಲ. ಮನೆ ಎಲ್ಲಿ ಎಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಈ ಬಾಗಿಲು ಒಂದೇ. ಕೊನೆಯ ಸಲ ಮುಖ ನೋಡಲು ಅಲ್ಲಿ ಕಾಯುತ್ತಿದ್ದರು. ಎಲ್ಲ ಮುಗಿದುಹೋಗಿದೆ ಎಂದು ಅತ್ತೆ ಒಬ್ಬೊಬ್ಬರಿಗೂ ಹೇಳಬೇಕಾಯಿತು.

ತರಕಾರಿ ಮಾರುವ ಮುದುಕಿಯೊಬ್ಬಳು ಮಡಚಿದ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಅವಳು ಬೈಯಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಳು: “ಯಾಕೆ ಮಗಳೇ ಹಾಕ್ಸಲಿಲ್ಲ? ನಮಗೆ ಓದೋಕೆ ಬರುತ್ತಲ್ಲ ಈಗ.”

ಅತ್ತೆ ಅವಳ ಕೈ ಹಿಡಿದುಕೊಂಡು ನಿಂತಳು. ಬೆಳಿಗ್ಗೆ ಅಳದಿದ್ದವಳು ಆಗ ಅತ್ತಳು.

ಎರಡು ದಿನದ ಮೇಲೆ ಪತ್ರಿಕೆ ಒಂದು ತಿದ್ದುಪಡಿ ಹಾಕಿತು, ಅಂತ್ಯಕ್ರಿಯೆ ನೆರವೇರಿದೆ ಎಂದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ನೆಂಟರು ಬಂದು, “ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ,” ಎಂದು ಹೇಳಿ, ಕಾಫಿ ಕುಡಿದು ಹೋದರು. ಫಲ ಬೇಕು ಅಂತ ಯಾರಾದರೂ ಚಿಂತೆ ಮಾಡುತ್ತಾರೆಯೇ?

ಅತ್ತೆ ಮನೆ ಬಿಡಲಿಲ್ಲ, ಮಾತೂ ಬಿಡಲಿಲ್ಲ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಹಾಲು ಬಂತು. ಎಲ್ಲ ಮಾತೂ ಇದ್ದವು. ಆದರೆ ತಿಂಗಳೊಪ್ಪತ್ತಿನಲ್ಲಿ ಆ ಮೇಜಿನಿಂದ ಪ್ರೂಫ್ ಓದುವ ವಿಭಾಗಕ್ಕೆ ವರ್ಗ ಕೇಳಿಕೊಂಡು ಹೋದಳು. ಮಾಮನ ಮೊಣಕೈಯನ್ನು ಮತ್ತೆ ನೋಡಲಿಲ್ಲ. ಅವನು ಬೆಳಿಗ್ಗೆ ಹೊರಡುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ, ತೋಳನ್ನು ಅರ್ಧ ಮಡಚಿ. ಅತ್ತೆ ಒಲೆಯ ಕಡೆ ತಿರುಗುತ್ತಿದ್ದಳು. ಅವನು ತೋಳು ಇಳಿಸಿ ಹೋಗುತ್ತಿದ್ದ. ಪ್ರತಿದಿನ. ಅವನಿಗೆ ಆಮೇಲೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ, ಅವಳು ಇನ್ನೊಮ್ಮೆ ನೋಡಿ ಆ ಮಾತು ಹೇಳುವುದು. ಅವಳಿಗೂ ಅದು ಗೊತ್ತಿತ್ತು. ಅವರಿಬ್ಬರ ನಡುವೆ ನಿಂತು ಬೆಳೆದವಳು ನಾನು, ಹಾಗಾಗಿ ನನಗೂ ಗೊತ್ತಿತ್ತು.

ವರ್ಷಗಳು ಹೋದವು. ನಾನು ಕಂಪ್ಯೂಟರ್ ಕಲಿತು, ಒಂದು ತರಬೇತಿ ಕೇಂದ್ರದಲ್ಲಿ ಕಲಿಸಲು ಸೇರಿದೆ. ಪತ್ರಿಕೆಗೂ ಕಂಪ್ಯೂಟರ್ ಬಂತು. ಅಂಟಿಸುವವರಿಗೆಲ್ಲ ತರಬೇತಿ ಕೊಡಲು ನನ್ನನ್ನೇ ಕಳಿಸಿದರು. ಅದೇ ಎರಡನೇ ಮಹಡಿ. ಗಾಜಿನ ಮೇಜುಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಕಂಪ್ಯೂಟರ್ ಇಟ್ಟಿದ್ದರು. ಮಾಮ ಮುಂದಿನ ಸಾಲಿನಲ್ಲಿ ಶಾಲಾಹುಡುಗನ ಹಾಗೆ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದ. ನಾನು ಕತ್ತರಿಯ ಚಿತ್ರ ತೋರಿಸಿ, “ಇದು ನಿಮ್ಮದೇ ಕತ್ತರಿ. ಹೆಸರೂ ನಿಮ್ಮದೇ. ಹಾಗಾಗಿ ಹೆದರೋ ಹಾಗಿಲ್ಲ,” ಅಂದೆ. ಒಂದು ಸಾಲನ್ನು ಕಟ್ ಮಾಡಿ ತೋರಿಸಿದೆ. ಸಾಲು ಹೋಯಿತು.

ಮಾಮ ಕೈಯೆತ್ತಿದ. “ಈಗ ಅದು ಎಲ್ಲಿದೆ?”

“ಒಳಗಿದೆ ಮಾಮ. ಕಾಣಲ್ಲ. ಪೇಸ್ಟ್ ಮಾಡೋವರೆಗೂ ಅಲ್ಲೇ ಇರುತ್ತೆ.”

“ಬೀಳಲ್ವಾ?”

“ಬೀಳಲ್ಲ.”

“ಯಾರಿಗೂ ಅಂಟ್ಕೊಳಲ್ವಾ?”

ಹಿಂದೆ ಯಾರೋ ನಕ್ಕರು. “ಇಲ್ಲ ಮಾಮ. ಯಾರಿಗೂ ಅಂಟ್ಕೊಳಲ್ಲ,” ಅಂದೆ. ಅವನು ಬಹಳ ಹೊತ್ತು ಪರದೆ ನೋಡಿದ. ಇಂಥದ್ದೊಂದು ಯಂತ್ರ ಹತ್ತು ವರ್ಷ ಮೊದಲು ಬರಬಾರದಿತ್ತೇ ಎಂದು ಅವನ ಮುಖ ಹೇಳುತ್ತಿತ್ತು. ಅವನು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನೊಬ್ಬನೇ ಕೂತು ಅಭ್ಯಾಸ ಮಾಡುತ್ತಿದ್ದ. ಒಂದು ಸಾಲು ಕಟ್ ಮಾಡಿದ. ಅದನ್ನು ಪೇಸ್ಟ್ ಮಾಡುವ ಮೊದಲೇ ಇನ್ನೊಂದನ್ನು ಕಟ್ ಮಾಡಿದ. ಆಮೇಲೆ ಪೇಸ್ಟ್ ಒತ್ತಿದರೆ ಬಂದದ್ದು ಎರಡನೆಯದು.

“ಮೊದಲನೇದು?” ಎಂದು ನನ್ನ ಕಡೆ ತಿರುಗಿದ.

“ಅದು ಹೋಯ್ತು ಮಾಮ. ಒಂದು ಸಲಕ್ಕೆ ಒಂದನ್ನೇ ಇಟ್ಕೊಳೋದು ಅದು. ಹೊಸದು ಬಂದ್ರೆ ಹಳೇದು ಹೋಗುತ್ತೆ.”

“ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಇಲ್ಲ. ಇಲ್ಲದೇ ಹೋಗುತ್ತೆ, ಅಷ್ಟೆ.”

ಮಾಮ ಕುರ್ಚಿಗೆ ಒರಗಿ ನಕ್ಕ. ಅಷ್ಟು ವರ್ಷಗಳಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅಪರೂಪ. “ಹಾಗಾದ್ರೆ ನಮ್ಮದೇ ವಾಸಿ ಕಣೇ. ನಮ್ಮ ಸಾಲು ಮೊಣಕೈಲಾದ್ರೂ ಇರ್ತಿತ್ತು, ಹುಡುಕಿದ್ರೆ ಸಿಕ್ತಿತ್ತು.” ಆಮೇಲೆ ನಗು ಹೋದ ದನಿಯಲ್ಲಿ, “ಸಿಗದೇ ಇದ್ದಿದ್ರೇ ಚೆನ್ನಾಗಿತ್ತೇನೋ. ಯಾರ ತಪ್ಪು ಅಂತ ಅವಳಿಗೆ ಗೊತ್ತಾಗ್ತಾನೇ ಇರ್ಲಿಲ್ಲ,” ಅಂದ.

ಅವನು ಕಂಪ್ಯೂಟರಿನಲ್ಲಿ ಕೆಲಸ ಮಾಡಿದಷ್ಟು ದಿನವೂ ಆ ಕತ್ತರಿಯನ್ನು ಒತ್ತಲಿಲ್ಲ. ಸಾಲು ಬೇರೆ ಕಡೆ ಬೇಕಿದ್ದರೆ ಅಲ್ಲಿ ಮತ್ತೆ ಹೊಸದಾಗಿ ಟೈಪ್ ಮಾಡುತ್ತಿದ್ದ. ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೆ ಹಳೆಯದನ್ನು ಅಳಿಸುತ್ತಿದ್ದ. ಜೊತೆಯವರು, “ಗೋಂದಣ್ಣ ಎತ್ತಿನ ಗಾಡಿನ ಹೈವೇಗೆ ತಂದಿದಾನೆ,” ಎಂದು ನಗುತ್ತಿದ್ದರು. ಅವಧಿಗೆ ಮುಂಚೆಯೇ ಕೆಲಸ ಬಿಟ್ಟ.

ಕಳೆದ ವರ್ಷ ಅವನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಅತ್ತೆ ಮಂಚದ ಪಕ್ಕ ಕದಲದೆ ಕೂತಿದ್ದಳು. ನೀರು ಕುಡಿಸುವುದು, ಹೊದಿಕೆ ಎಳೆಯುವುದು, ನರ್ಸುಗಳ ಜೊತೆ ಜಗಳ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಒಂದು ಬೆಳಿಗ್ಗೆ ನರ್ಸು ತೋಳಿನ ಸೂಜಿ ತೆಗೆದು ಹತ್ತಿ ಇಟ್ಟು ಪಟ್ಟಿ ಅಂಟಿಸಿದಳು. ಪಟ್ಟಿಯ ಒಂದು ತುದಿ ಸುತ್ತಿಕೊಂಡು ಮೊಣಕೈ ಹಿಂದಕ್ಕೆ ಹೋಗಿ ಅಂಟಿತ್ತು. ಮಾಮ ಅದನ್ನು ಬೆರಳಿಂದ ಮುಟ್ಟಿ ನೋಡಿದ. ಕಷ್ಟಪಟ್ಟು ತೋಳು ಮಡಚಿ ಅತ್ತೆಯ ಕಡೆ ಎತ್ತಿದ.

“ನೋಡೇ. ಏನೋ ಅಂಟಿದೆ ಅನ್ಸುತ್ತೆ.”

ಅವನು ನಗುತ್ತಿದ್ದ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಅತ್ತೆಯ ಕೈ ಮಡಿಲಿನಿಂದ ಎದ್ದಿತು. ಎದ್ದದ್ದನ್ನು ನಾನು ನೋಡಿದೆ. ಆಮೇಲೆ ಆ ಕೈ ಹೋಗಿ ಹೊದಿಕೆಯ ಅಂಚನ್ನು ಸರಿಮಾಡಿತು. “ನರ್ಸ್ ಬರ್ತಾಳೆ, ತೆಗೀತಾಳೆ. ನೀವು ಅಲ್ಲಾಡ್ಬೇಡಿ,” ಅಂದಳು.

ಮಾಮ ತೋಳು ಇಳಿಸಿದ. ಮರುದಿನ ಮಧ್ಯಾಹ್ನ ಹೋಗಿಬಿಟ್ಟ.

ಸುದ್ದಿ ಕೊಡಲು ಅತ್ತೆ ಅದೇ ಸಂಜೆ ನನ್ನ ಜೊತೆ ತಾನೇ ಪತ್ರಿಕೆಯ ಕಚೇರಿಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ಹಳೆಯ ಪರಿಚಯದಿಂದ ನಮಗೊಂದು ಕಂಪ್ಯೂಟರ್ ಬಿಟ್ಟುಕೊಟ್ಟರು. ನಾನು ಟೈಪ್ ಮಾಡಿದೆ.

“ಗಂಟೆ ಇದೆಯಾ?”

“ಇದೆ ಅತ್ತೆ.”

“ಜಾಗ?”

“ಇದೆ.”

“ಓದು.”

ಓದಿದೆ. ಮತ್ತೆ ಓದಿಸಿದಳು. ಪರದೆಯ ಮೇಲಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಒತ್ತಿದಳು, ಅಂಟಿದೆಯೋ ಇಲ್ಲವೋ ಎಂದು ನೋಡುವವಳ ಹಾಗೆ. ಬೆರಳು ತೆಗೆಯದೆಯೇ ಹೇಳಿದಳು:

“ಸಿಟ್ಟು ಇದ್ದದ್ದು ಒಂದು ವರ್ಷ ಕಣೇ. ಅದು ಇಳೀತು. ಆಮೇಲೆ ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ. ಇವತ್ತು ನೋಡಿದ್ರೆ ಇಷ್ಟು ದಿನ ಯಾಕೆ ನೋಡ್ಲಿಲ್ಲ ಅಂತಾಗುತ್ತೆ. ನಾಳೆ ನೋಡೋಣ, ನಾಳೆ ನೋಡೋಣ ಅಂತ.” ಆಮೇಲೆ, “ನಿನ್ನೆ ಕೈ ಎತ್ತಿದ್ದೆ. ನೀನು ನೋಡ್ದೆ ಅಲ್ವಾ?” ಎಂದು ಕೇಳಿದಳು.

“ನೋಡ್ದೆ ಅತ್ತೆ.”

“ಅವರು ನೋಡಿದ್ರಾ?”

ನನಗೆ ಗೊತ್ತಿರಲಿಲ್ಲ. ನೋಡಿದ ಎಂದೆ.

ಮರುದಿನ ಜನ ಬಂದರು. ಹಳೆಯ ಪೇಸ್ಟಿಂಗ್ ಕೋಣೆಯವರು, ಕ್ಯಾಮೆರಾದವನು, ಮೇಷ್ಟ್ರು ಓದಿಸಿದವರಲ್ಲಿ ಉಳಿದಿದ್ದ ಕೆಲವರು. ಎಲ್ಲರೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮಾಮನಿಗೆ ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ ತೊಡಿಸಿ ನಡುಮನೆಯಲ್ಲಿ ಮಲಗಿಸಿದ್ದರು. ಹೊರಡುವ ಹೊತ್ತಾಯಿತು. ಎತ್ತುವವರು ನಾಲ್ಕು ಮೂಲೆಗೆ ಬಂದು ನಿಂತರು.

“ಸ್ವಲ್ಪ ಇರಿ,” ಅಂದಳು ಅತ್ತೆ.

ಅವಳು ಮೊಣಕಾಲೂರಿ ಕೂತಳು. ಬಲಗೈಯ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸರಿಸಿದಳು. ಸೆಟೆದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಮೊಣಕೈ ನೋಡಿದಳು. ಆಸ್ಪತ್ರೆಯ ಪಟ್ಟಿಯ ಅಂಟು ಒಂದು ಬೂದು ಗೆರೆಯಾಗಿ ಅಲ್ಲಿ ಉಳಿದಿತ್ತು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಅದು ಪೂರ್ತಿ ಹೋಗುವವರೆಗೆ ಒರೆಸಿದಳು. ಆ ಕಡೆ ಹೋಗಿ ಎಡಗೈಯನ್ನೂ ನೋಡಿದಳು. ತೋಳುಗಳನ್ನು ಕೆಳಗಿಳಿಸಿ ಗುಂಡಿ ಹಾಕಿದಳು. ಕ್ಯಾಮೆರಾದವನು ಗೋಡೆಯ ಕಡೆ ತಿರುಗಿಬಿಟ್ಟ. ಉಳಿದವರಿಗೆ ಅವಳು ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ.

ಅತ್ತೆ ಮಾಮನ ಮುಖದ ಹತ್ತಿರ ಬಗ್ಗಿದಳು.

“ಏನಿಲ್ಲ,” ಅಂದಳು. “ಹೋಗ್ಬೋದು.”

ಎತ್ತುವವರು ಅದು ತಮಗೆ ಹೇಳಿದ್ದೆಂದುಕೊಂಡು ಹೆಗಲು ಕೊಟ್ಟರು.